ನೋವಿನ ಮಾತ್ರೆಯಿಂದ ಗಂಡಸರ ಫಲವತ್ತತೆಗೆ ಕುತ್ತೇ? ಸುದ್ದಿಯ ಹಿಂದಿನ ಲೆಕ್ಕ

‘ಪೇನ್‌ಕಿಲ್ಲರ್ ನುಂಗುವ ಗಂಡಸರಿಗೆ ಮಕ್ಕಳಾಗುವುದಿಲ್ಲ’ ಎಂಬ ಒಕ್ಕಣೆಯ ಸುದ್ದಿ ಆಗಾಗ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಅದರ ಬೆನ್ನಿಗೇ ‘ಅದೆಲ್ಲ ಸುಳ್ಳು, ಆರಾಮಾಗಿ ನುಂಗಿ’ ಎನ್ನುವ ವಿಡಿಯೊ ಬರುತ್ತದೆ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗದ ದಂಪತಿಗೆ ಇವೆರಡರ ನಡುವೆ ಸಿಕ್ಕಿಕೊಂಡು ಯಾವುದನ್ನು ನಂಬಬೇಕೆಂದೇ ತಿಳಿಯುವುದಿಲ್ಲ.

ಎರಡೂ ಕಡೆಯವರು ಒಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ: ಯಾವ ಮಾತ್ರೆ, ಎಷ್ಟು, ಎಷ್ಟು ದಿನ? ಜ್ವರ ಬಂದಾಗ ಎರಡು ದಿನ ನುಂಗಿದ ಪ್ಯಾರಾಸಿಟಮಾಲ್‌ಗೂ, ಕೆಲಸಕ್ಕೆ ಹೊರಡುವ ಮುಂಚೆ ತಿಂಗಳುಗಟ್ಟಲೆ ನುಂಗುವ ಮೈಕೈ ನೋವಿನ ಮಾತ್ರೆಗೂ ಅಜಗಜಾಂತರ. ಮೊದಲನೆಯದಕ್ಕೆ ಹೆದರಬೇಕಾದ ಆಧಾರವಿಲ್ಲ. ಎರಡನೆಯದಕ್ಕೆ ಇದೆ. ಆದರೆ ಆ ಆಧಾರ ಸುದ್ದಿ ಹೇಳುವಷ್ಟು ಗಟ್ಟಿಯಾಗಿಲ್ಲ.

ಸುದ್ದಿ ಹುಟ್ಟಿದ್ದು ಎಲ್ಲಿ

ಈ ಸುದ್ದಿಯ ಬೇರು 2018ರ ಜನವರಿಯಲ್ಲಿದೆ. ಡೆನ್ಮಾರ್ಕ್ ಮತ್ತು ಫ್ರಾನ್ಸ್‌ನ ಸಂಶೋಧಕರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯ ಕುರಿತ ಪ್ರಯೋಗವೊಂದನ್ನು ಪ್ರಕಟಿಸಿದರು. 18ರಿಂದ 35 ವರ್ಷದ 31 ಆರೋಗ್ಯವಂತ ಗಂಡಸರನ್ನು ಎರಡು ಗುಂಪು ಮಾಡಿ, 14 ಜನರಿಗೆ ದಿನಕ್ಕೆ ಎರಡು ಹೊತ್ತು 600 ಮಿಲಿಗ್ರಾಂನಂತೆ ಒಟ್ಟು 1,200 ಮಿಲಿಗ್ರಾಂ ಐಬುಪ್ರೊಫೆನ್ ಕೊಟ್ಟರು. ಉಳಿದ 17 ಜನರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಹೀಗೆ ಸುಮಾರು ಆರು ವಾರ ನಡೆಯಿತು.

ರಕ್ತದಲ್ಲಿ ಕಂಡ ಬದಲಾವಣೆ ಸೂಕ್ಷ್ಮವಾದದ್ದು. ಗಂಡಸರ ಹಾರ್ಮೋನಾದ ಟೆಸ್ಟೋಸ್ಟಿರೋನ್ ಬೀಳಲಿಲ್ಲ. ಆದರೆ ‘ಟೆಸ್ಟೋಸ್ಟಿರೋನ್ ತಯಾರಿಸು’ ಎಂದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್ ಹಾರ್ಮೋನು ಏರಿತು. ಮುಕ್ತ ಟೆಸ್ಟೋಸ್ಟಿರೋನ್ (ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಪಾಲು) ಮತ್ತು ಎಲ್‌ಎಚ್ ನಡುವಿನ ಅನುಪಾತ 14ನೇ ದಿನಕ್ಕೆ ಶೇ 18, 44ನೇ ದಿನಕ್ಕೆ ಶೇ 23ರಷ್ಟು ಕುಸಿಯಿತು. ಅಂದರೆ ವೃಷಣ ಅಷ್ಟೇ ಕೆಲಸ ಮಾಡುತ್ತಿತ್ತು, ಆದರೆ ಅದನ್ನು ಮಾಡಿಸಲು ಪಿಟ್ಯುಟರಿ ಹೆಚ್ಚು ಒತ್ತಡ ಹಾಕಬೇಕಾಯಿತು. ಅಂತರ್ಜಲ ಇಳಿದ ಬೋರ್‌ವೆಲ್‌ನಲ್ಲಿ ಅದೇ ತೊಟ್ಟಿ ತುಂಬಿಸಲು ಮೋಟರ್ ಹೆಚ್ಚು ಹೊತ್ತು ಓಡಿದ ಹಾಗೆ. ತೊಟ್ಟಿ ನೋಡಿದವರಿಗೆ ಏನೂ ಕಾಣುವುದಿಲ್ಲ, ಮೀಟರ್ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ವೈದ್ಯರು ಈ ಸ್ಥಿತಿಯನ್ನು ‘ಕಾಂಪೆನ್ಸೇಟೆಡ್ ಹೈಪೊಗೊನಾಡಿಸಂ’ ಎನ್ನುತ್ತಾರೆ. ಸಾಮಾನ್ಯವಾಗಿ ವಯಸ್ಸಾದವರಲ್ಲಿ ಕಾಣುವ ಈ ಸ್ಥಿತಿ ಹರೆಯದವರಲ್ಲಿ ಕಂಡಿದ್ದರಿಂದಲೇ ಸುದ್ದಿ ಸಿಡಿಯಿತು.

ವೃಷಣದೊಳಗಿನ ಎರಡು ಬಗೆಯ ಕೋಶಗಳು

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ವೃಷಣದ ಒಳಗೆ ಇಣುಕಬೇಕು. ಅಲ್ಲಿ ಲೇಡಿಗ್ ಕೋಶಗಳು ಟೆಸ್ಟೋಸ್ಟಿರೋನ್ ತಯಾರಿಸುತ್ತವೆ. ಇವುಗಳಿಗೆ ಅಪ್ಪಣೆ ಕೊಡುವುದು ಎಲ್‌ಎಚ್. ಸೆರ್ಟೊಲಿ ಕೋಶಗಳು ಬೆಳೆಯುವ ವೀರ್ಯಾಣುಗಳನ್ನು ಸಾಕುತ್ತವೆ. ಇವುಗಳಿಗೆ ಅಪ್ಪಣೆ ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನಾದ ಎಫ್‌ಎಸ್‌ಎಚ್‌ನಿಂದ. ಸೆರ್ಟೊಲಿ ಕೋಶಗಳು ಚೆನ್ನಾಗಿವೆಯೇ ಎಂಬುದನ್ನು ಇನ್‌ಹಿಬಿನ್-ಬಿ, ಎಎಂಎಚ್ ಎಂಬ ಹಾರ್ಮೋನುಗಳಿಂದ ಅಂದಾಜು ಮಾಡಬಹುದು. ಐಬುಪ್ರೊಫೆನ್ ಪ್ರಯೋಗದಲ್ಲಿ ಎಎಂಎಚ್ ಕೂಡ ಇಳಿಯಿತು. ಹಾಗಾಗಿ ಪರಿಣಾಮ ಒಂದೇ ಬಗೆಯ ಕೋಶಕ್ಕೆ ಸೀಮಿತವಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಮನುಷ್ಯರ ವೃಷಣದ ತುಣುಕುಗಳಿಗೆ ಐಬುಪ್ರೊಫೆನ್ ಸೋಕಿಸಿದಾಗ ಟೆಸ್ಟೋಸ್ಟಿರೋನ್ ತಯಾರಿಕೆ ನೇರವಾಗಿಯೇ ತಗ್ಗಿತು. ಅಲ್ಲಿ ಎಲ್‌ಎಚ್ ಏರಿಸಿ ಸರಿದೂಗಿಸಲು ಪಿಟ್ಯುಟರಿ ಇರಲಿಲ್ಲವಲ್ಲ.

ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ಎಸಿಕ್ಲೋಫಿನ್ಯಾಕ್, ನ್ಯಾಪ್ರಾಕ್ಸೆನ್ ಇವೆಲ್ಲ ಕಾಕ್ಸ್ ಎಂಬ ಕಿಣ್ವವನ್ನು ತಡೆದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪಾದನೆ ತಗ್ಗಿಸುತ್ತವೆ. ಗಾಯದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ನೋವು-ಬಾವು ತರುತ್ತದೆ. ಜಠರದ ಒಳಪೊರೆ, ಮೂತ್ರಪಿಂಡ, ವೃಷಣಗಳಲ್ಲಿ ಅದಕ್ಕೆ ಉಪಯುಕ್ತ ಕೆಲಸಗಳಿವೆ. ಮಾತ್ರೆಗೆ ಈ ಭೇದ ತಿಳಿಯುವುದಿಲ್ಲ.

ಆಕ್ಷೇಪಗಳೂ ಹಗುರವಲ್ಲ

ಈ ಪ್ರಯೋಗವನ್ನು ಟೀಕಿಸಿದವರ ಮಾತಿಗೂ ತೂಕವಿದೆ. ಔಷಧ ನುಂಗಿದವರು ಬರೀ 14 ಜನ. ಎಲ್ಲರೂ ಬಿಳಿಯರು, ಆರೋಗ್ಯವಂತರು. ಎಲ್ಲಕ್ಕಿಂತ ಮುಖ್ಯವಾಗಿ, ವೀರ್ಯಾಣುಗಳ ಸಂಖ್ಯೆ ಕುಸಿಯಿತೆಂದು ಈ ಪ್ರಯೋಗ ತೋರಿಸಲಿಲ್ಲ. ಒಂದು ವೀರ್ಯಾಣು ಬೆಳೆದು ಹೊರಬರಲು ಹತ್ತಿರ ಹತ್ತಿರ ಮೂರು ತಿಂಗಳು ಬೇಕು: ವೃಷಣದೊಳಗೆ ಸುಮಾರು 74 ದಿನ, ಬಳಿಕ ಎಪಿಡಿಡಿಮಿಸ್ ನಾಳದಲ್ಲಿ ಮಾಗಲು ಇನ್ನೆರಡು ವಾರ. ಆರು ವಾರದ ಪ್ರಯೋಗ ಆ ಚಕ್ರದ ಅರ್ಧವನ್ನಷ್ಟೇ ಕಂಡಿತು. ಹಾಗಾಗಿ ‘ಐಬುಪ್ರೊಫೆನ್ ಬಂಜೆತನ ತರುತ್ತದೆ’ ಎಂಬ ಶೀರ್ಷಿಕೆಗೆ ಈ ಪ್ರಯೋಗದಲ್ಲಿ ಪುರಾವೆ ಇಲ್ಲ. ‘ಏನೂ ಆಗುವುದಿಲ್ಲ’ ಎನ್ನುವುದಕ್ಕೂ ಇಲ್ಲ.

ಇನ್ನೊಂದು ವಿಷಯವನ್ನು ಸುದ್ದಿ ಮಾಡಿದವರು ಮರೆಯುತ್ತಾರೆ. ವೀರ್ಯದಲ್ಲಿ ಸೋಂಕಿಲ್ಲದೆ ಬಿಳಿರಕ್ತಕಣ ಹೆಚ್ಚಾಗಿರುವವರಿಗೆ ಇದೇ ಬಗೆಯ, ಉರಿಯೂತ ತಗ್ಗಿಸುವ ಮಾತ್ರೆಗಳನ್ನು ಕೆಲ ಕಾಲ ಕೊಟ್ಟು, ವೀರ್ಯದ ಗುಣಮಟ್ಟ ಸುಧಾರಿಸಿದ್ದನ್ನು ಕಂಡ ಸಣ್ಣ ಅಧ್ಯಯನಗಳೂ ಇವೆ. ವೈದ್ಯರ ಚೀಟಿಯಲ್ಲಿ ಇಂಥ ಮಾತ್ರೆ ಕಂಡ ಕೂಡಲೇ ‘ಮಕ್ಕಳಾಗಲೆಂದು ಹೋದರೆ ಆಗದ ಮಾತ್ರೆ ಕೊಟ್ಟರು’ ಎಂದು ರೇಗಬೇಕಿಲ್ಲ.

ಇನ್ನು ಪ್ಯಾರಾಸಿಟಮಾಲ್. ಅಮೆರಿಕದ ಮಿಷಿಗನ್ ಮತ್ತು ಟೆಕ್ಸಾಸ್‌ನ 501 ದಂಪತಿಗಳನ್ನು ಹನ್ನೆರಡು ತಿಂಗಳವರೆಗೆ ಗಮನಿಸಿದ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮೂತ್ರದಲ್ಲಿ ಪ್ಯಾರಾಸಿಟಮಾಲ್ ಅತಿ ಹೆಚ್ಚಿದ್ದ ಗಂಡಸರ ಸಂಗಾತಿಗಳು ಗರ್ಭ ಧರಿಸಲು ಹೆಚ್ಚು ತಿಂಗಳು ಹಿಡಿಯಿತು. ಹೆಂಗಸರ ಮೂತ್ರದ ಪ್ರಮಾಣಕ್ಕೂ ವಿಳಂಬಕ್ಕೂ ಅಂಥ ನಂಟು ಕಾಣಲಿಲ್ಲ. ಆದರೆ ಇದು ನಂಟು ಅಷ್ಟೇ, ಕಾರಣವೆಂದು ಸಾಬೀತಾದದ್ದಲ್ಲ. ಪದೇ ಪದೇ ಪ್ಯಾರಾಸಿಟಮಾಲ್ ನುಂಗುವವನಿಗೆ ಅದಕ್ಕೊಂದು ಕಾಯಿಲೆಯೂ ಇದ್ದೀತು, ಆ ಕಾಯಿಲೆಯೇ ಅಡ್ಡಿಯಾಗಿದ್ದೀತು. ಬಣ್ಣ, ರಬ್ಬರ್ ಉದ್ಯಮಗಳಲ್ಲಿ ಬಳಸುವ ಅನಿಲಿನ್ ಎಂಬ ರಾಸಾಯನಿಕ ಮೈಸೇರಿದರೂ ಮೂತ್ರದಲ್ಲಿ ಪ್ಯಾರಾಸಿಟಮಾಲ್ ಆಗಿಯೇ ಕಾಣಿಸಿಕೊಳ್ಳುತ್ತದೆ.

ನಿಜಕ್ಕೂ ಹೆದರಬೇಕಾದ ಮಾತ್ರೆಗಳು ಬೇರೆ

ವಾದವೆಲ್ಲ ಐಬುಪ್ರೊಫೆನ್ ಸುತ್ತ ನಡೆಯುತ್ತಿರುವಾಗ, ಪುರಾವೆ ಗಟ್ಟಿಯಾಗಿರುವ ಔಷಧಗಳು ಸದ್ದಿಲ್ಲದೆ ಉಳಿದುಬಿಟ್ಟಿವೆ. ಲೇಖನದಲ್ಲಿ ಒಂದೇ ಭಾಗ ಓದುವವರು ಇದನ್ನು ಓದಲಿ.

ಮೊದಲನೆಯದು ಅಫೀಮು ಜಾತಿಯ ನೋವುನಿವಾರಕಗಳು: ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್. ಇವು ವೃಷಣವನ್ನು ಕಾಡುವ ಮೊದಲು ಮಿದುಳಿನ ಹೈಪೊಥಲಾಮಸ್‌ನಲ್ಲೇ ಅಪ್ಪಣೆಯನ್ನು ಅಡಗಿಸುತ್ತವೆ. ಪಿಟ್ಯುಟರಿಗೆ ಅಪ್ಪಣೆ ಕೊಡುವ ಜಿಎನ್‌ಆರ್‌ಎಚ್ ಹಾರ್ಮೋನು ತಗ್ಗುತ್ತದೆ, ಅದರಿಂದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ತಗ್ಗುತ್ತವೆ, ಅದರಿಂದ ಟೆಸ್ಟೋಸ್ಟಿರೋನ್ ತಗ್ಗುತ್ತದೆ. ತಿಂಗಳುಗಟ್ಟಲೆ ನುಂಗಿದವರಲ್ಲಿ ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಸುಸ್ತು, ವೀರ್ಯಾಣು ಇಳಿಕೆ ಇವೆಲ್ಲ ಚೆನ್ನಾಗಿ ದಾಖಲಾಗಿವೆ. ಟ್ರಮಡಾಲ್ 2018ರಿಂದ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಯಲ್ಲಿದೆ. ಆದರೂ ಶೀಘ್ರ ಸ್ಖಲನಕ್ಕೆ ಮದ್ದೆಂದು ಸ್ನೇಹಿತರ ಮಾತು ಕೇಳಿ ನುಂಗುವವರಿದ್ದಾರೆ. ಹಾಸಿಗೆಯ ಸುಖಕ್ಕೆಂದು ಶುರುವಾದದ್ದು ಕೊನೆಗೆ ಅದನ್ನೇ ಕಸಿಯುತ್ತದೆ, ಚಟ ಬೇರೆ ಅಂಟುತ್ತದೆ. ಇದನ್ನು ಏಕಾಏಕಿ ಬಿಡುವುದೂ ಅಪಾಯ. ಮೈನಡುಕ, ನಿದ್ದೆಗೇಡು, ಭೇದಿ ಶುರುವಾಗುತ್ತವೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಇಳಿಸಬೇಕು.

ಎರಡನೆಯದು ಸಲ್ಫಾಸಲಜೀನ್. ಇದು ನೋವಿನ ಮಾತ್ರೆಯಲ್ಲ, ಆದರೆ ಸಂಧಿವಾತಕ್ಕೆ ಮತ್ತು ದೊಡ್ಡ ಕರುಳಿನ ಹುಣ್ಣಿಗೆ ವರ್ಷಗಟ್ಟಲೆ ಕೊಡುವ ಔಷಧವಾದ್ದರಿಂದ ರೋಗಿಗಳು ‘ಕೀಲುನೋವಿನ ಮಾತ್ರೆ’ ಎಂದೇ ಕರೆಯುತ್ತಾರೆ. ವೀರ್ಯಾಣುಗಳ ಸಂಖ್ಯೆ, ಚಲನೆ ಎರಡನ್ನೂ ತಗ್ಗಿಸುತ್ತದೆ ಎಂಬುದರಲ್ಲಿ ವೈದ್ಯರಿಗೆ ಅನುಮಾನವಿಲ್ಲ. ಸಮಾಧಾನದ ಸಂಗತಿಯೆಂದರೆ, ನಿಲ್ಲಿಸಿದ ಎರಡು-ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ, ಬದಲಿ ಔಷಧಗಳೂ ಇವೆ. ಮಗು ಬೇಕೆಂಬ ಯೋಚನೆಯಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಸಲ ಅವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ.

ಮೂರನೆಯದು ಹೆಸರಿಲ್ಲದ ಪುಡಿ-ಪೊಟ್ಟಣಗಳು. ‘ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂದು ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಮಾರುವ ಕೀಲುನೋವಿನ ಪುಡಿಗಳಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಬೆರೆಸಿದ್ದು ದೇಶದಲ್ಲಿ ಹಲವು ಸಲ ಪತ್ತೆಯಾಗಿದೆ. ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾದರೆ ಅನುಮಾನ ಪಡಬೇಕು.

ನಮ್ಮ ಕಡೆಯ ದುಡಿಮೆ, ನಮ್ಮ ಕಡೆಯ ನೋವು

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು, ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆ ನಿಲ್ಲುವವರು, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದಲ್ಲಿ ಬೆನ್ನು ಬಗ್ಗಿಸಿ ಕೂರುವ ನೇಕಾರರು, ಹಿರಿಯೂರು-ಚಿತ್ರದುರ್ಗ-ಹರಿಹರ ಹಾದಿಯ 48ನೇ ಹೆದ್ದಾರಿಯಲ್ಲಿ ಹಗಲಿರುಳು ಲಾರಿ ಓಡಿಸುವವರು: ಸೊಂಟ, ಹೆಗಲು ಹಿಡಿದುಕೊಂಡರೂ ರಜೆ ಹಾಕಲಾಗದವರು ಇವರು. ರಜೆ ಹಾಕಿದರೆ ಅವತ್ತಿನ ಕೂಲಿ ಹೋಯಿತು. ಅದಕ್ಕಿಂತ ಮಾತ್ರೆ ಅಗ್ಗ. ಚಿತ್ರದುರ್ಗ ಜಿಲ್ಲೆಯ ಪೂರ್ವಭಾಗದಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಸಮಸ್ಯೆಯೂ ಸೇರಿ, ಕೀಲು ಬಿಗಿತ ಕೆಲವು ಹಳ್ಳಿಗಳಲ್ಲಿ ಮಧ್ಯವಯಸ್ಸಿಗೇ ಶುರುವಾಗುತ್ತದೆ. ಚಿಕೂನ್‌ಗುನ್ಯಾ ಬಂದುಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ಗಂಟುನೋವನ್ನು 2006ರಲ್ಲಿ ರಾಜ್ಯದ ಅನೇಕ ಜಿಲ್ಲೆಗಳ ಜನ ಕಂಡಿದ್ದಾರೆ.

ಇಲ್ಲೊಂದು ತೊಡಕಿದೆ. ಇಂಥವರಲ್ಲಿ ವೀರ್ಯಾಣು ಕಡಿಮೆಯಾದರೆ ದೋಷ ಮಾತ್ರೆಯದೋ, ದುಡಿಮೆಯದೋ? ವೃಷಣಗಳಿಗೆ ಮೈಯ ಬಿಸಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಭಟ್ಟಿಯ ಝಳ ಮತ್ತು ಲಾರಿಯ ಕ್ಯಾಬಿನ್ನಿನಲ್ಲಿ ಹತ್ತು ಹನ್ನೆರಡು ತಾಸಿನ ಕೂತ ಕೆಲಸ ಎರಡೂ ಆ ತಂಪನ್ನು ಕೆಡಿಸುತ್ತವೆ. ಅದರ ಜೊತೆ ಗುಟ್ಕಾ, ಬೀಡಿ, ಕುಡಿತ ಸೇರಿಕೊಂಡರೆ ಯಾವುದರ ಪಾಲು ಎಷ್ಟು ಎಂದು ಬಿಡಿಸಲು ಬರುವುದಿಲ್ಲ. ತೀವ್ರ ಜ್ವರವೂ ಹಾಗೇ. ಡೆಂಗಿ ಜ್ವರದಿಂದ ಎದ್ದವನ ವೀರ್ಯಾಣು ಎರಡು-ಮೂರು ತಿಂಗಳು ಕಡಿಮೆ ಕಂಡರೆ ಅದು ಜ್ವರದ ಕೆಲಸ, ಜ್ವರಕ್ಕೆ ನುಂಗಿದ ಮಾತ್ರೆಯ ಮೇಲೆ ಹೊರಿಸುವುದು ತಪ್ಪು.

ವೃಷಣದಲ್ಲೇ ಇರುವ ಮಂದನೋವು ಬೇರೆ ಕಥೆ. ಸಂಜೆ ಹೊತ್ತಿಗೆ ಎಡಗಡೆ ಭಾರವೆನಿಸಿ, ಮಲಗಿದರೆ ಇಳಿಯುವ ನೋವು ಬಹಳ ಸಲ ವೆರಿಕೊಸೀಲ್, ಅಂದರೆ ವೃಷಣದ ಸುತ್ತಲಿನ ರಕ್ತನಾಳಗಳು ಉಬ್ಬಿರುವುದು. ನೂರರಲ್ಲಿ ಸುಮಾರು 15 ಗಂಡಸರಿಗೆ ಇದಿರುತ್ತದೆ. ಬಂಜೆತನಕ್ಕೆಂದು ಪರೀಕ್ಷೆಗೆ ಬರುವವರಲ್ಲಿ ಪ್ರಮಾಣ ಇನ್ನೂ ಹೆಚ್ಚು. ಚೀಲ ಹೊರುವವರು ಇದನ್ನು ‘ಭಾರ ಎತ್ತಿದ್ದಕ್ಕೆ’ ಎಂದುಕೊಂಡು ಮಾತ್ರೆ ನುಂಗಿ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಇಲ್ಲಿ ಮಾತ್ರೆ ಮಾಡುವ ಕೇಡು ಹಾರ್ಮೋನಿನದಲ್ಲ, ರೋಗವನ್ನು ಮರೆಮಾಚುವುದು.

ಸ್ಟ್ರಿಪ್ ತಿರುಗಿಸಿ ಓದುವುದು

ತಾನು ಎಷ್ಟು ನುಂಗುತ್ತಿದ್ದೇನೆ ಎಂಬುದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಮುಂಭಾಗದ ದೊಡ್ಡ ಹೆಸರು ಕಂಪನಿಯದು, ಬೇಕಾದದ್ದು ಹಿಂಭಾಗದ ಸಣ್ಣ ಅಕ್ಷರ. ಕಾಂಬಿಫ್ಲಾಮ್ ಎಂದರೆ 400 ಮಿಲಿಗ್ರಾಂ ಐಬುಪ್ರೊಫೆನ್, ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ದಿನಕ್ಕೆ ಮೂರು ನುಂಗಿದರೆ ಡೆನ್ಮಾರ್ಕಿನ ಪ್ರಯೋಗದ 1,200 ಮಿಲಿಗ್ರಾಂ ತಲುಪಿದಂತೆಯೇ. ಒಂದು ದಿನಕ್ಕಾದರೆ ಚಿಂತೆಯಿಲ್ಲ. ಆರು ವಾರ ಎಡೆಬಿಡದೆ ಆದರೆ ಅದೇ ಪ್ರಯೋಗವನ್ನು ತನ್ನ ಮೈಮೇಲೆ ತಾನೇ ನಡೆಸಿದ ಹಾಗೆ.

ಪ್ಯಾರಾಸಿಟಮಾಲ್ ಇನ್ನೂ ಕಳ್ಳದಾರಿಯಲ್ಲಿ ಸೇರುತ್ತದೆ. ಸೊಂಟನೋವಿಗೆ ಎಸಿಕ್ಲೋಫಿನ್ಯಾಕ್ 100 ಮತ್ತು ಪ್ಯಾರಾಸಿಟಮಾಲ್ 325 ಇರುವ ಜೋಡಿ ಮಾತ್ರೆ ಎರಡು ಹೊತ್ತು: 650. ಮೈ ಬಿಸಿಯೆಂದು ಡೋಲೊ 650 ಮೂರು ಹೊತ್ತು: 1,950. ನೆಗಡಿಯ ಮಾತ್ರೆಯೊಳಗೆ 500ರಂತೆ ಎರಡು ಹೊತ್ತು: 1,000. ಒಟ್ಟು 3,600 ಮಿಲಿಗ್ರಾಂ. ವಯಸ್ಕರಿಗೆ ದಿನದ ಗರಿಷ್ಠ ಮಿತಿ 4,000. ನಿತ್ಯ ಕುಡಿಯುವವರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ವೀರ್ಯಾಣುವಿನ ಮಾತು ಹಾಗಿರಲಿ, ಮೊದಲು ಹೊಡೆತ ಬೀಳುವುದು ಯಕೃತ್ತಿಗೆ. ಬೇಸಿಗೆಯಲ್ಲಿ ಬೆವರಿ, ನೀರು ಕುಡಿಯದೆ ಡೈಕ್ಲೋಫಿನ್ಯಾಕ್ ನುಂಗುವವರಿಗೆ ಮೂತ್ರಪಿಂಡಕ್ಕೆ. ನೋವಿನ ಇಂಜೆಕ್ಷನ್ ಕೂಡ ಇದೇ ಲೆಕ್ಕಕ್ಕೆ ಸೇರಬೇಕು. ಸೂಜಿಯಲ್ಲಿರುವುದೂ ಹೆಚ್ಚಾಗಿ ಡೈಕ್ಲೋಫಿನ್ಯಾಕೇ.

ಮೂರು ತಿಂಗಳ ಹಿಂದಿನಿಂದ ಯಾವ ಮಾತ್ರೆ, ತಿಂಗಳಲ್ಲಿ ಎಷ್ಟು ದಿನ ನುಂಗಿದ್ದೀರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್‌ಗಳನ್ನೇ ಒಯ್ಯಬಹುದು.

ವೀರ್ಯ ಪರೀಕ್ಷೆ ಎಡವುವುದು ಎಲ್ಲಿ

ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ (ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು) ಇಬ್ಬರಿಗೂ ಒಟ್ಟಿಗೇ ಪರೀಕ್ಷೆ ಆಗಬೇಕು. ನಮ್ಮಲ್ಲಿ ಸೊಸೆಗೆ ಸ್ಕ್ಯಾನಿಂಗ್, ರಕ್ತಪರೀಕ್ಷೆ, ಹರಕೆ ಎಲ್ಲ ಮುಗಿದ ಮೇಲೆ ಮಗನ ಸರದಿ ಬರುತ್ತದೆ. ವೀರ್ಯ ಪರೀಕ್ಷೆಗೆ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಖರ್ಚೂ ಕಡಿಮೆ. ಅದನ್ನು ಕೊನೆಗಿಡುವುದಕ್ಕೆ ವೈದ್ಯಕೀಯ ಕಾರಣ ಒಂದೂ ಇಲ್ಲ.

ಪರೀಕ್ಷೆಗೆ ಮುಂಚೆ ಕನಿಷ್ಠ 2, ಗರಿಷ್ಠ 7 ದಿನ ಸ್ಖಲನವಾಗಿರಬಾರದು. ಡಬ್ಬಿ ಲ್ಯಾಬ್ ಕೊಟ್ಟದ್ದೇ ಆಗಬೇಕು. ಸಾಮಾನ್ಯ ಕಾಂಡೋಮ್, ಎಣ್ಣೆ, ಎಂಜಲು ಇವು ವೀರ್ಯಾಣುವನ್ನು ಕೊಲ್ಲುತ್ತವೆ ಇಲ್ಲವೇ ಚಲನೆ ತಗ್ಗಿಸುತ್ತವೆ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅದು ಚೆಲ್ಲಿಹೋದರೆ ಮುಚ್ಚಿಡದೆ ಹೇಳಬೇಕು, ಇಲ್ಲವಾದರೆ ವರದಿ ಸುಳ್ಳೇ ಕಡಿಮೆ ತೋರಿಸುತ್ತದೆ. ಮಾದರಿ ಒಂದು ಗಂಟೆಯೊಳಗೆ, ಆದಷ್ಟು ಅರ್ಧ ಗಂಟೆಯೊಳಗೆ, ಮೈಬಿಸಿಯಲ್ಲೇ ಲ್ಯಾಬ್ ಸೇರಬೇಕು. ಜಗಳೂರಿನಲ್ಲೋ ಮೊಳಕಾಲ್ಮೂರಿನಲ್ಲೋ ಮನೆಯಲ್ಲಿ ತೆಗೆದು ಬಸ್ಸಿನಲ್ಲಿ ದಾವಣಗೆರೆಗೆ, ಚಿತ್ರದುರ್ಗಕ್ಕೆ ಒಯ್ದರೆ ಚಲನೆಯ ಅಂಕಿ ನಂಬುವಂತಿರುವುದಿಲ್ಲ. ಲ್ಯಾಬಿನಲ್ಲೇ ಕೊಡುವುದು ಸರಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗಡಿ ಹೀಗಿದೆ: ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ 42, ಸರಿಯಾದ ಆಕಾರ ಶೇ 4. ಇದನ್ನು ಪಾಸು-ಫೇಲಿನ ಗೆರೆಯೆಂದು ಓದಬಾರದು. ವರ್ಷದೊಳಗೆ ಮಗುವಾದ ಗಂಡಸರಲ್ಲೂ ಅಂಕಿ ತೀರ ಕೆಳಗಿದ್ದ ಶೇ 5 ಜನರನ್ನು ಬಿಟ್ಟು ಎಳೆದ ಗಡಿ ಅದು. ‘ಆಕಾರ ಬರೀ 4’ ಎಂದು ಎದೆಯೊಡೆದುಕೊಳ್ಳುವವರು ಇದನ್ನು ಗಮನಿಸಬೇಕು. ಒಂದು ಸಲ ಕಡಿಮೆ ಬಂದರೆ ಮತ್ತೊಮ್ಮೆ ಮಾಡಿಸದೆ ತೀರ್ಮಾನ ಬೇಡ.

ರಕ್ತ ಪರೀಕ್ಷೆ ಬರೆದರೆ ಬೆಳಿಗ್ಗೆ ಹತ್ತರೊಳಗೆ ಕೊಡಬೇಕು, ಹೊತ್ತೇರಿದಂತೆ ಟೆಸ್ಟೋಸ್ಟಿರೋನ್ ಇಳಿಯುತ್ತದೆ. ಟೆಸ್ಟೋಸ್ಟಿರೋನ್ ಒಂದನ್ನೇ ನೋಡಿದರೆ ಮೇಲೆ ಹೇಳಿದ ಒತ್ತಡದ ಸ್ಥಿತಿ ಕಣ್ತಪ್ಪುತ್ತದೆ. ಎಲ್‌ಎಚ್, ಎಫ್‌ಎಸ್‌ಎಚ್ ಜೊತೆಯಲ್ಲಿರಬೇಕು.

ನಿಲ್ಲಿಸುವುದು ಯಾರು, ನಿಲ್ಲಿಸಬಾರದವರು ಯಾರು

ಹೃದಯಕ್ಕೆಂದು 75 ಮಿಲಿಗ್ರಾಂ ಆಸ್ಪಿರಿನ್ ನುಂಗುವವರು ಯಾವ ವಿಡಿಯೊ ನೋಡಿಯೂ ನಿಲ್ಲಿಸಕೂಡದು. ಸಂಧಿವಾತದವರು ವೈದ್ಯರನ್ನು ಕೇಳದೆ ಬಿಟ್ಟರೆ ಕೀಲು ಕೆಡುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬೇಡವೆಂದು ಜ್ವರವನ್ನು ಸುಡಲು ಬಿಡುವುದು ವೃಷಣಕ್ಕೇ ನಷ್ಟ.

ಮೈಕೈ ನೋವಿಗೆ ನಿತ್ಯ ನುಂಗುವವರು ಮಾತ್ರ ಮಗುವಿನ ಪ್ರಯತ್ನಕ್ಕೆ ಮೂರು ತಿಂಗಳ ಮುಂಚೆ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು. ಒಂದೇ ಜಾಗದ ನೋವಿಗೆ ಡೈಕ್ಲೋಫಿನ್ಯಾಕ್ ಜೆಲ್ ಸಾಕಾಗುತ್ತದೆ. ಮಂಡಿಗೆ ಹಚ್ಚಿದಾಗ ರಕ್ತ ಸೇರುವ ಔಷಧ ಮಾತ್ರೆಗೆ ಹೋಲಿಸಿದರೆ ಸುಮಾರು ಶೇ 6 ಅಷ್ಟೇ. ಹೆಂಡತಿಯೂ ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಡೈಕ್ಲೋಫಿನ್ಯಾಕ್ ಸತತವಾಗಿ ನುಂಗದಿರುವುದು ಮೇಲು. ಅಂಡ ಹೊರಬರಲು ಪ್ರೊಸ್ಟಗ್ಲಾಂಡಿನ್ ಬೇಕು, ಅದನ್ನು ತಡೆದರೆ ಆ ತಿಂಗಳ ಅಂಡ ಅಂಡಾಶಯದಲ್ಲೇ ಉಳಿದುಬಿಡಬಹುದು. ಮಾತ್ರೆ ನಿಲ್ಲಿಸಿದರೆ ಇದು ಸರಿಹೋಗುತ್ತದೆ. ವಿಚಿತ್ರವೆಂದರೆ ಗಂಡಸರಿಗಿಂತ ಹೆಂಗಸರ ವಿಷಯದಲ್ಲೇ ಪುರಾವೆ ಹೆಚ್ಚು ಸ್ಪಷ್ಟ, ಸುದ್ದಿಯಾದದ್ದು ಮಾತ್ರ ಗಂಡಸರದು.

ಟೆಸ್ಟೋಸ್ಟಿರೋನ್ ಕಡಿಮೆ ಬಂದಿತೆಂದು ಅದರ ಇಂಜೆಕ್ಷನ್ ತೆಗೆದುಕೊಳ್ಳುವುದು ಮಗು ಬಯಸುವವರು ಮಾಡಬಹುದಾದ ದೊಡ್ಡ ತಪ್ಪು. ಹೊರಗಿನಿಂದ ಹಾರ್ಮೋನು ಬಂದ ಕೂಡಲೇ ಪಿಟ್ಯುಟರಿ ತನ್ನ ಅಪ್ಪಣೆ ನಿಲ್ಲಿಸುತ್ತದೆ, ವೀರ್ಯಾಣು ಶೂನ್ಯಕ್ಕೂ ಇಳಿಯಬಹುದು. ಜಿಮ್‌ಗಳಲ್ಲಿ ಚುಚ್ಚಿಸಿಕೊಳ್ಳುವ ಸ್ಟೀರಾಯ್ಡ್‌ದೂ ಇದೇ ಕಥೆ. ಇನ್ನು ವರದಿಯಲ್ಲಿ ವೀರ್ಯಾಣು ಒಂದೂ ಇಲ್ಲವೆಂದು ಬಂದರೆ ಐಬುಪ್ರೊಫೆನ್ ಅದರ ವಿವರಣೆಯಲ್ಲ. ವೀರ್ಯನಾಳ ಮುಚ್ಚಿರಬಹುದು, ಬಾಲ್ಯದಲ್ಲಿ ವೃಷಣ ಕೆಳಗಿಳಿಯದೆ ಇದ್ದಿರಬಹುದು, ಹರೆಯದಲ್ಲಿ ಮಂಗಬಾವು ವೃಷಣಕ್ಕಿಳಿದಿರಬಹುದು, ವರ್ಣತಂತುವಿನ ದೋಷವಿರಬಹುದು. ಅದಕ್ಕೆ ಮೂತ್ರರೋಗ ತಜ್ಞರು ಕೈಯಿಂದ ಮುಟ್ಟಿ ನೋಡಬೇಕು. ನಾಳ ಇದೆಯೇ, ವೃಷಣದ ಗಾತ್ರ ಎಷ್ಟು, ವೆರಿಕೊಸೀಲ್ ಉಂಟೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.